ತಲೆ ಕೊಟ್ಟ ಸೊಣ್ಣಪ್ಪ

ಆಂಡರ್ಸನ್‌ಪೇಟೆಯ ರಾಮಚಂದ್ರಪ್ಪನವರ ಹಿಟ್ಟಿನ ಗಿರಣಿಗೆ ಕೆಂಪು ಗುಂಡಿ ಬಂದದ್ದು ದೀಪಾವಳಿಗೆ ಸರಿಯಾಗಿ. ಅಡುಗೆ ಮುಗಿದ ಮೇಲೆ ಬರುವ ನೆಂಟರ ಹಾಗೆ ಅದು ನೀರು ತುಂಬುವ ಹಬ್ಬದ ಬೆಳಗ್ಗೆ ಬಂತು. ಕಜ್ಜಾಯಕ್ಕೆ ನೆನೆಸಿದ ಅಕ್ಕಿ ಹೊತ್ತ ಹೆಂಗಸರು ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಸಾಲು ನಿಂತಿದ್ದಾಗ ಅದು ಗೋಡೆ ಹತ್ತಿ ಕುಳಿತುಕೊಂಡಿತು.

ರಾಮಚಂದ್ರಪ್ಪನವರಿಗೆ ಅದು ಬೇಕಿರಲಿಲ್ಲ. ದೊಡ್ಡ ಮೋಟಾರು ಹಾಕಿಸುತ್ತೇನೆಂದು ಕೇಳಿಕೊಂಡಾಗ ಕರೆಂಟಿನ ಆಫೀಸಿನವರು, ಅಪಾಯಕ್ಕೆ ನಿಲ್ಲಿಸುವ ಗುಂಡಿ ಇಲ್ಲದಿದ್ದರೆ ಮೋಟಾರೂ ಇಲ್ಲ ಎಂದುಬಿಟ್ಟಿದ್ದರು. ಬೇರೆ ದಾರಿ ಕಾಣದೆ ಅವರು ಹಿಂದಿನ ಬೀದಿಯ ಕುಪ್ಪುಸ್ವಾಮಿಯನ್ನು ಕರೆಸಿದರು. ಕುಪ್ಪುಸ್ವಾಮಿ ಉರಿಗಾಂನಲ್ಲಿ ಗಣಿಯ ಎಲೆಕ್ಟ್ರೀಷಿಯನ್ ಆಗಿದ್ದು ನಿವೃತ್ತನಾದವನು. ಮನೆಯಲ್ಲಿ ಕುಳಿತು ಕುಳಿತು ಬೇಸತ್ತಿದ್ದವನಿಗೆ ಈ ಕೆಲಸ ಸಿಕ್ಕಿದ್ದು ಮಗಳ ಮದುವೆ ಗೊತ್ತಾದಷ್ಟು ಸಂತೋಷವಾಗಿತ್ತು. ಹಳದಿ ಬಣ್ಣದ ಪೆಟ್ಟಿಗೆ, ಅದರ ನಡುವೆ ಅಂಗೈಯಗಲದ, ನಾಯಿಕೊಡೆಯಂತೆ ಉಬ್ಬಿದ ಕೆಂಪು ಗುಂಡಿ. ಅದನ್ನು ಯಂತ್ರದ ಪಕ್ಕದ ಗೋಡೆಗೆ, ನಿಂತವನ ಎದೆಯ ಮಟ್ಟಕ್ಕೆ ಬಿಗಿದು, ಒಂದು ಹೆಜ್ಜೆ ಹಿಂದೆ ಸರಿದು, ಚೌತಿಯ ಗಣಪನನ್ನು ನೋಡುವಂತೆ ನೋಡಿದ.

"ಇಲ್ಲಿ ಬಾ ತಂಬಿ" ಎಂದು ಯಂತ್ರ ನಡೆಸುವ ಸೊಣ್ಣಪ್ಪನನ್ನು ಕರೆದ. "ಇದನ್ನ ಗುದ್ದಿದ್ರೆ ಕರೆಂಟು ಕಟ್. ಕರೆಂಟು ಇರೋತನಕ ಬ್ರೇಕನ್ನ ಎತ್ತಿ ಹಿಡಿದಿರುತ್ತೆ, ಹೋದ ಕೂಡ್ಲೆ ಸ್ಪ್ರಿಂಗು ಅದನ್ನ ಚಕ್ರದ ಮೇಲೆ ಕೂರಿಸುತ್ತೆ. ಮಿಷನ್ ಅಲ್ಲೇ ನಿಲ್ಲುತ್ತೆ. ಒಳಗೆ ಹೋದ ಗುಂಡಿ ಒಳಗೇ ಇರುತ್ತೆ, ನೀನಾಗಿ ತಿರುಗಿಸಿ ಬಿಡಿಸ್ಬೇಕು. ಬಿಡಿಸಿದ್ರೂ ಮಿಷನ್ ಓಡಲ್ಲ. ಆಮೇಲೆ ಹಸಿರು ಗುಂಡಿ ಒತ್ತಿದ್ರೇನೇ ಓಡೋದು. ಯಾಕೆ ಹೇಳು?"

"ಯಾಕಣ್ಣಾ?"

"ಒಳಗೆ ಕೈ ಹಾಕಿ ಸರಿ ಮಾಡ್ತಾ ಇರೋನು ಒಬ್ಬ ಇರ್ತಾನಲ್ಲ, ಅವನ ಕೈ ಅವನಿಗೇ ಇರ್ಲಿ ಅಂತ!"

ಸೊಣ್ಣಪ್ಪ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡ. "ಯಾವಾಗ ಒತ್ತಬೇಕಣ್ಣಾ?"

"ಡೌಟು ಬಂದಾಗ. ಮೊದ್ಲು ಒತ್ತು, ಆಮೇಲೆ ಯೋಚ್ನೆ ಮಾಡು. ಯೋಚ್ನೆ ಸಾಯಂಕಾಲದ ತನಕ ಕಾಯುತ್ತೆ, ಬೆರಳು ಕಾಯಲ್ಲ."

ಈ ಮಾತನ್ನು ಇನ್ನಾರಿಗಾದರೂ ಹೇಳಿದ್ದರೆ ತೊಂದರೆಯಿರಲಿಲ್ಲ. ಸೊಣ್ಣಪ್ಪ, ಯಾರು ಏನು ಹೇಳಿದರೂ ಚಾಚೂ ತಪ್ಪದೆ ಮಾಡುವ ಆಸಾಮಿ. ಅವನ ಕಷ್ಟಗಳೆಲ್ಲ ಬಂದದ್ದು ಆ ಬಾಗಿಲಿನಿಂದಲೇ.

ಅಂದು ಅವನ ಮನಸ್ಸಾದರೂ ನೆಟ್ಟಗಿತ್ತೇ? ಅದೂ ಇರಲಿಲ್ಲ. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಹೆಂಡತಿ ಅಂಜಮ್ಮ ಆಗಲೇ ಬೂದಿಕೋಟೆಯ ತವರಿಗೆ ಹೋಗಿ ಕುಳಿತಿದ್ದಳು. ಮಾವ ಮುನಿನಾರಾಯಣಪ್ಪ ಬಸ್ಸಿನ ಕಂಡಕ್ಟರನ ಬಾಯಲ್ಲಿ ದಿನಾ ಹೇಳಿಕಳಿಸುತ್ತಿದ್ದ: "ನೀರು ತುಂಬೋ ದಿನ ದೀಪ ಹಚ್ಚೋ ಹೊತ್ತಿಗೆ ಅಳಿಯ ನಮ್ಮನೇಲಿರಬೇಕು." ಹೊಸ ಅಳಿಯನಿಗೆಂದು ಹಂಡೆ ಬೆಳಗಿಟ್ಟಿದ್ದಾರಂತೆ, ಹೊಸ ಪಂಚೆ ತಂದಿದ್ದಾರಂತೆ, ಅತ್ತೆ ಕಜ್ಜಾಯಕ್ಕೆ ಪಾಕ ಹಿಡಿದಿದ್ದಾಳಂತೆ. ಸೊಣ್ಣಪ್ಪ ರಜೆ ಕೇಳಿ ನೋಡಿದ.

"ಕಜ್ಜಾಯದ ಅಕ್ಕಿ ಮುಗಿಯೋವರೆಗೂ ನಿನಗೆ ಮಾವನೂ ಇಲ್ಲ, ಅತ್ತೇನೂ ಇಲ್ಲ" ಎಂದರು ರಾಮಚಂದ್ರಪ್ಪನವರು.

ಸೊಣ್ಣಪ್ಪ ಬಟ್ಟೆಯ ಚೀಲವನ್ನು ಮೂಲೆಯಲ್ಲಿಟ್ಟು ಹಸಿರು ಗುಂಡಿ ಒತ್ತಿದ. ಹೊಸ ಮೋಟಾರು ಗುಡುಗಿತು. ಬೆಲ್ಟು ಓಡಿತು. ಕಲ್ಲಿನ ಕೆಳಗಿನಿಂದ ಬಿಳಿ ಹಿಟ್ಟು ಮಲ್ಲಿಗೆ ಸುರಿದಂತೆ ಸುರಿಯತೊಡಗಿತು.

ಸಾಲಿನ ಯಜಮಾನಿಕೆ ಕನಕಮ್ಮನದು. ಆಕೆಯನ್ನು ಯಾರೂ ನೇಮಿಸಿರಲಿಲ್ಲ. ಗಿರಣಿಯಲ್ಲಿ, ನಲ್ಲಿಯ ಹತ್ತಿರ, ರೇಷನ್ ಅಂಗಡಿಯ ಮುಂದೆ, ಎಲ್ಲಿ ಇಬ್ಬರು ಒಬ್ಬರ ಹಿಂದೆ ಒಬ್ಬರು ನಿಂತರೂ ಅಲ್ಲಿ ಕನಕಮ್ಮ ಹುಟ್ಟಿಕೊಳ್ಳುತ್ತಿದ್ದಳು. ಕಂಠ ಅಂದರೆ ಗಣಿಯ ಸೈರನ್ನು ತಲೆ ತಗ್ಗಿಸಬೇಕು.

"ಅಯ್ಯಯ್ಯೋ! ಓಯ್ತು! ಓಯ್ತು!" ಎಂಬ ಆ ಕಂಠ ಇದ್ದಕ್ಕಿದ್ದಂತೆ ಕೇಳಿದಾಗ ಸೊಣ್ಣಪ್ಪನ ಅಂಗೈ ತಾನಾಗಿ ಹೋಗಿ ಕೆಂಪು ಗುಂಡಿಯ ಮೇಲೆ ಬಿತ್ತು.

ಠಪ್. ಬೆಲ್ಟು ನಿಂತಿತು. ಚಕ್ರ ನಿಂತಿತು. ಆ ಬೀದಿ ಎಷ್ಟೋ ವರ್ಷಗಳಿಂದ ಕೇಳದ ನಿಶ್ಶಬ್ದ.

"ಏನೋಯ್ತು ಕನಕಮ್ಮಕ್ಕಾ? ಕೈಯಾ?"

"ಕೈ ಯಾಕ್ಲಾ ಓದಾತು? ನನ್ ಸರದಿ ಓಯ್ತು! ಈಯಮ್ಮ ನಡುವೆ ನುಗ್ಗಿಬಿಟ್ಲು ನೋಡು!"

ರಾಮಚಂದ್ರಪ್ಪನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು. ಹಬ್ಬಕ್ಕೆಂದು ಹೊದ್ದಿದ್ದ ಜರಿಯಂಚಿನ ಹೊಸ ಶಲ್ಯವನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ಸೊಣ್ಣಪ್ಪಾ, ಸರದಿ ಹೋದ್ರೆ ಮಿಷನ್ ನಿಲ್ಲಿಸಬಾರದು ಕಣಯ್ಯ, ಜೀವ ಹೋದ್ರೆ ನಿಲ್ಲಿಸಬೇಕು" ಎಂದರು.

"ಜೀವ ಓದ್ಮೇಲೆ ನಿಲ್ಸಿ ಏನ್ ಪ್ರಯೋಜ್ನ ಸಾಮಿ?"

ಅದು ನಿಜವಾದ ಮಾತೇ. ಅದಕ್ಕೇ ರಾಮಚಂದ್ರಪ್ಪನವರಿಗೆ ಇನ್ನಷ್ಟು ಸಿಟ್ಟು ಬಂತು.

ಗಿರಣಿ ಮತ್ತೆ ಓಡಿತು. ಸ್ವಲ್ಪ ಹೊತ್ತಾದ ಮೇಲೆ ಅಕ್ಕಿ ಸುರಿಯುತ್ತಿದ್ದ ಹೆಂಗಸೊಬ್ಬಳು, "ಬೆರಳು! ಬೆರಳು!" ಎಂದು ಚೀರಿದಳು. ಸೊಣ್ಣಪ್ಪ ನೋಡಿದ. ನಿಜ. ಅಕ್ಕಿಯ ನಡುವೆ ಹಳದಿಗಟ್ಟಿದ, ಗಿಣ್ಣು ಗಿಣ್ಣಾದ, ಸಣ್ಣ ಬೆರಳೊಂದು ಕಲ್ಲಿನ ಬಾಯಿಯ ಕಡೆಗೆ ಜಾರುತ್ತಿತ್ತು. ಠಪ್! ಎರಡು ಕೈಯಿಂದಲೂ ಗುದ್ದಿದ.

ಸಾಲಿನಲ್ಲಿದ್ದವರೆಲ್ಲ ಬೆರಳು ಎಣಿಸಿಕೊಂಡರು. ಎಲ್ಲರಿಗೂ ಲೆಕ್ಕ ಸರಿಯಾಗಿತ್ತು. ರಾಮಚಂದ್ರಪ್ಪನವರು ಕಣ್ಣು ಮುಚ್ಚಿಕೊಂಡು ಕೈ ಹಾಕಿ ಆ ಬೆರಳನ್ನು ಮೇಲೆತ್ತಿ, ಮೂಸಿ, ಒಂದು ಕಣ್ಣು ತೆರೆದರು.

"ಅರಿಶಿನದ ಕೊಂಬು" ಎಂದರು.

"ಹಬ್ಬದ ಅಕ್ಕಿಗೆ ಮಂಗಳಕ್ಕೆ ಇರ್ಲಿ ಅಂತ ನಮ್ಮತ್ತೆ ಆಕಿದ್ರು, ಮರ್ತೇಬಿಟ್ಟಿದ್ದೆ" ಎಂದು ಆಕೆ ನಾಚಿಕೊಂಡಳು.

ಗುಂಡಿ ಇಲ್ಲದಿದ್ದರೆ ಕೊಂಬು ಕಲ್ಲಿಗೆ ಸಿಕ್ಕಿ ಎಲ್ಲರ ಹಿಟ್ಟೂ ಹಳದಿಯಾಗುತ್ತಿತ್ತು. ಅದನ್ನು ಯಾರೂ ಹೇಳಲಿಲ್ಲ. ನಿಂತ ಯಂತ್ರದ ಬಾಯಲ್ಲಿ ಹಸಿ ಅಕ್ಕಿ ಕಚ್ಚಿಕೊಂಡು ದೋಸೆ ಹಿಟ್ಟಿನಂತಾಗಿತ್ತು. ಕಲ್ಲು ಬಿಚ್ಚಿ, ಕೆರೆದು, ಒರೆಸಿ ಮತ್ತೆ ಜೋಡಿಸುವಷ್ಟರಲ್ಲಿ ಸಾಲು ತಿರುವು ದಾಟಿ ಮಾರ್ಕೆಟ್ಟಿನ ಕಡೆಗೆ ಬೆಳೆದಿತ್ತು. ರಾಮಚಂದ್ರಪ್ಪನವರು ಸ್ಟೂಲಿನ ಮೇಲೆ ಹತ್ತಿ ನಿಂತು ಸಾರಿದರು: "ಇನ್ಮೇಲೆ ಆ ಗುಂಡಿ ಮುಟ್ಟಿದೋರ ಅಕ್ಕಿ ನಾನು ಬೀಸೋದಿಲ್ಲ! ಕೇಳಿಸ್ತಾ? ಸೊಣ್ಣಪ್ಪಾ, ನೀನು ಮುಟ್ಟಿದ್ರೆ ಕೆಲಸಾನೇ ಇಲ್ಲ!"

ಸೊಣ್ಣಪ್ಪ ಆ ಮಾತನ್ನೂ ಚಾಚೂ ತಪ್ಪದೆ ಪಾಲಿಸಬೇಕೆಂದುಕೊಂಡ. ಗುಂಡಿಯಿಂದ ಮಾರು ದೂರ ನಿಂತ. ಅದರ ಕಡೆ ನೋಡಲೂ ಇಲ್ಲ. ಆದರೆ ನೆನೆದ ಅಕ್ಕಿಯ ನೀರು ಡಬ್ಬಗಳಿಂದ ಸೋರಿ ಸೋರಿ ನೆಲ ಹರಳೆಣ್ಣೆ ಸವರಿದ ಹಾಗಾಗಿತ್ತು. ಹಿಟ್ಟಿನ ಡಬ್ಬ ಎತ್ತಿಕೊಂಡು ಒಂದು ಹೆಜ್ಜೆ ಇಟ್ಟ, ಎರಡನೆಯದು ಇಡುವ ಮೊದಲೇ ಕಾಲು ಒಂದು ದಿಕ್ಕು, ತಲೆ ಒಂದು ದಿಕ್ಕು. ಬೀಳುವವನು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಸೊಣ್ಣಪ್ಪನಿಗೆ ಸಿಕ್ಕಿದ್ದು ಒಂದೇ.

ಠಪ್.

ಈ ಸಲ ಯಾರೂ ಏನಾಯಿತೆಂದು ಕೇಳಲಿಲ್ಲ.

"ಹೋಗು" ಎಂದರು ರಾಮಚಂದ್ರಪ್ಪನವರು, ಬಹಳ ಮೆಲ್ಲಗೆ. ಆಮೇಲೆ ಮೆಲ್ಲಗೆ ಹೇಳಿದ್ದು ಸಾಲದೆನಿಸಿ, "ಹೋಗೂ! ನಿಮ್ಮಾವನ ಮನೆಗಾದ್ರೂ ಹೋಗು, ಗಣಿ ಒಳಗಾದ್ರೂ ಇಳಿ! ಈ ಹೊಸ್ತಿಲು ದಾಟಿ ಒಳಗೆ ಬಂದ್ರೆ ನೋಡು!" ಎಂದು ಕೂಗಿದರು.

ಸೊಣ್ಣಪ್ಪ ಚೀಲ ತೆಗೆದುಕೊಂಡು ಹೊರಗೆ ಬಂದ. ಬೀದಿಯ ಆಚೆ ಬದಿಯ ಬೇವಿನ ಮರದ ಕೆಳಗೆ ನಿಂತಾಗ ಮೊದಲು ಅಳು ಬಂದಂತಾಯಿತು. ಹೊಸ ಹೆಂಡತಿಗೆ ಏನು ಹೇಳುವುದು? ಹಬ್ಬದ ದಿನ ಕೆಲಸ ಕಳೆದುಕೊಂಡು ಬಂದ ಅಳಿಯನಿಗೆ ಯಾವ ಮಾವ ಎಣ್ಣೆ ಒತ್ತಿಸುತ್ತಾನೆ? ಹೀಗೆ ಅರ್ಧ ಅಳುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ರಜೆ ಸಿಕ್ಕಿತಲ್ಲ! ಮಧ್ಯಾಹ್ನದ ಬಸ್ಸು ಹಿಡಿದರೆ ಬಂಗಾರಪೇಟೆಯ ಮೇಲೆ ನೇರ ಬೂದಿಕೋಟೆ. ದೀಪ ಹಚ್ಚುವ ಹೊತ್ತಿಗೆ ಮಾವನ ಮನೆ. ಕೆಲಸದ ವಿಷಯ ಹಬ್ಬವಾದ ಮೇಲೆ ಹೇಳಿದರಾಯಿತು, ಅಥವಾ ಹೇಳದಿದ್ದರೂ ಆಯಿತು. ಅಲ್ಲೇ ಮರದ ಮರೆಯಲ್ಲಿ ಮದುವೆಯ ಬಿಳಿ ಶರಟು ಹಾಕಿಕೊಂಡು, ತಲೆ ಬಾಚಿಕೊಂಡ. ಮುಖದ ಹಿಟ್ಟು ಒರೆಸಿಕೊಳ್ಳಲು ಮರೆತ. ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತ.

ಒಳಗೆ ರಾಮಚಂದ್ರಪ್ಪನವರೇ ಯಂತ್ರ ಓಡಿಸತೊಡಗಿದ್ದರು. ಅದರ ಸದ್ದು ಬೀದಿಗೆ ಕೇಳುತ್ತಿತ್ತು. ಸೊಣ್ಣಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ, ಆದರೂ ಅವನ ಕಿವಿ ಕೇಳಿಸಿಕೊಳ್ಳುತ್ತಿತ್ತು. ಗಡಗಡ, ಗಡಗಡ. ಆಮೇಲೆ ಗಡಗಡದ ನಡುವೆ ಒಂದು ಪಟ್. ಇನ್ನೊಂದು ಪಟ್. ಬೆಲ್ಟು ಒಂದು ಬದಿಗೆ ಜರುಗುತ್ತಿದೆ. ಯಂತ್ರ ನಿಲ್ಲಿಸದೆ ಅದರ ಹತ್ತಿರ ಹೋಗಬಾರದು.

ಬೀದಿ ದಾಟಿ ಬಾಗಿಲಿಗೆ ಬಂದ. ಹೊಸ್ತಿಲಲ್ಲಿ ನಿಂತ, ದಾಟಲಿಲ್ಲ.

"ಸಾಮೀ! ಬೆಲ್ಟು ಜರುಗ್ತಾ ಐತೆ! ನಿಲ್ಸಿ, ಆಮ್ಯಾಕೆ ಮುಟ್ಟಿ!"

ರಾಮಚಂದ್ರಪ್ಪನವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದ್ದರಿಂದಲೇ ಕೇಳಿಸದವರಂತೆ ಮಾಡಿದರು. ಒಂದು ಕೋಲು ಹಿಡಿದು ಬೆಲ್ಟನ್ನು ತಳ್ಳಲು ಚಕ್ರದ ಕಡೆಗೆ ಬಗ್ಗಿದರು. ಜರಿಯಂಚಿನ ಶಲ್ಯ ಹೆಗಲಿನಿಂದ ಜಾರಿತು. ಅದರ ತುದಿಯನ್ನು ಬೆಲ್ಟು ನಾಯಿ ಎಲುಬು ಕಚ್ಚಿದ ಹಾಗೆ ಕಚ್ಚಿತು. ಒಂದು ಸುತ್ತು ಕೊರಳಿಗಿತ್ತು. ಮರುಗಳಿಗೆಯಲ್ಲಿ ಗಿರಣಿಯ ಯಜಮಾನರು ತಮ್ಮ ಗಿರಣಿಯ ಕಡೆಗೇ ಎಳೆಸಿಕೊಂಡು ಹೋಗುತ್ತಿದ್ದರು. ಕೂಗಲು ಕೊರಳಿಲ್ಲ. ಕೈ ಎರಡೂ ಯಂತ್ರದ ಚೌಕಟ್ಟನ್ನು ತಳ್ಳುತ್ತಿದ್ದವು.

ಹತ್ತಿರವಿದ್ದ ಹೆಂಗಸರು ಚೀರಿದರು. ಒಬ್ಬಳ ಕೈ ಗುಂಡಿಯ ಹತ್ತಿರದವರೆಗೂ ಹೋಗಿ, ಮುಟ್ಟಿದವರ ಅಕ್ಕಿ ಬೀಸುವುದಿಲ್ಲವೆಂಬ ಮಾತು ನೆನಪಾಗಿ, ಸುಟ್ಟಂತೆ ಹಿಂದಕ್ಕೆ ಬಂತು.

ಸೊಣ್ಣಪ್ಪ ಹೊಸ್ತಿಲು ದಾಟಿದ.

"ಏಯ್! ಸಾಲು! ಸಾಲಿಗೆ ಬಾರ್ಲಾ!" ಒಳಗೆ ನಡೆಯುತ್ತಿದ್ದುದು ಇನ್ನೂ ಕಣ್ಣಿಗೆ ಬೀಳದ ಕನಕಮ್ಮ ಹಿಂದಿನಿಂದ ಅವನ ಎರಡೂ ಕೈಗಳನ್ನು ತಿರುಚಿ ಹಿಡಿದಳು. ಕನಕಮ್ಮ ಹಿಡಿದರೆ ಹಿಡಿದಳೇ.

"ಬಿಡಕ್ಕಾ! ಯಜಮಾನ್ರು!"

"ಯಜಮಾನ್ರೇ ಆಗ್ಲಿ, ಅವರಪ್ಪನೇ ಆಗ್ಲಿ, ಸಾಲು ಅಂದ್ರೆ ಸಾಲು!"

ಸೊಣ್ಣಪ್ಪ ಆಕೆಯನ್ನೂ ಎಳೆದುಕೊಂಡೇ ನಡೆದ. ಬಂಡಿ ಎಳೆಯುವ ಎತ್ತಿನ ಹಾಗೆ ಕತ್ತು ಮುಂದೆ ಚಾಚಿ, ಡಬ್ಬಗಳ ನಡುವೆ, ಒದ್ದೆ ನೆಲದ ಮೇಲೆ, ಒಂದೊಂದೇ ಹೆಜ್ಜೆ. ಗುಂಡಿ ಎದುರಿಗೇ ಇತ್ತು. ಕೈ ಎರಡೂ ಹಿಂದೆ ಇದ್ದವು. ಕಾಲು ಎತ್ತಿದರೆ ಜಾರುತ್ತಿತ್ತು. ಅವನ ಬಳಿ ಇನ್ನು ಉಳಿದದ್ದು ತಲೆಯೊಂದೇ. ಕಣ್ಣು ಮುಚ್ಚಿ, "ಅಂಜಮ್ಮಾ!" ಎಂದು ಕೂಗಿ, ಟಗರಿನ ಹಾಗೆ ಹಾಯ್ದ.

ಠಪ್!

ಅವನ ಹಣೆಯ ಸದ್ದು ಯಾವುದು, ಗುಂಡಿಯ ಸದ್ದು ಯಾವುದು, ಯಾರಿಗೂ ತಿಳಿಯಲಿಲ್ಲ. ಕರೆಂಟು ಹೋಯಿತು. ಸ್ಪ್ರಿಂಗು ಬ್ರೇಕನ್ನು ಚಕ್ರದ ಮೇಲೆ ಕೂರಿಸಿತು. ಚಕ್ರ ಕಿರ್ರೆಂದು ನಿಂತಿತು. ರಾಮಚಂದ್ರಪ್ಪನವರ ಮೂಗಿಗೂ ಚಕ್ರಕ್ಕೂ ನಡುವೆ ಇನ್ನು ಒಂದು ವೀಳ್ಯದೆಲೆ ಹಿಡಿಸುವಷ್ಟು ಜಾಗ ಉಳಿದಿತ್ತು.

ಗಿರಣಿ ನಿಂತ ಸದ್ದಿಗೆ ಕುಪ್ಪುಸ್ವಾಮಿ ಹಿಂದಿನ ಬೀದಿಯಿಂದ ಓಡಿ ಬಂದ. ಕೆಂಪು ಗುಂಡಿ ಒಳಗೇ ಕುಳಿತಿರುವುದನ್ನು ಮೊದಲು ನೋಡಿ ಖಾತ್ರಿ ಮಾಡಿಕೊಂಡು, ಆಮೇಲೆ ಒಳಗೆ ಕೈ ಹಾಕಿ ಶಲ್ಯ ಕತ್ತರಿಸಿ ಯಜಮಾನರನ್ನು ಬಿಡಿಸಿದ. ರಾಮಚಂದ್ರಪ್ಪನವರು ನೆಲದ ಮೇಲೆ ಕುಳಿತು ಬಹಳ ಹೊತ್ತು ಉಸಿರೆಳೆದುಕೊಂಡರು. ಕೊನೆಗೆ ಕೆಮ್ಮುತ್ತಾ ಕೇಳಿದರು:

"ಗುಂಡಿ ಒತ್ತಿದ್ದು ಯಾರು?"

"ನಾನಲ್ಲ!" ಎಂದಳು ಕನಕಮ್ಮ.

"ನಾವೂ ಅಲ್ಲ ಸಾಮಿ!" ಎಂದರು ಮುಂದಿನವರು. "ನಾವು ಮುಟ್ಟೇ ಇಲ್ಲ!" ಎಂದರು ಹಿಂದಿನವರು. ಎಲ್ಲರಿಗೂ ತಮ್ಮ ತಮ್ಮ ಅಕ್ಕಿಯದೇ ಚಿಂತೆ. ಎಲ್ಲರ ಬೆರಳೂ ಒಂದೇ ಕಡೆ ತೋರಿಸಿದವು. ಗೋಡೆಯ ಬುಡದಲ್ಲಿ ಸೊಣ್ಣಪ್ಪ ಕಾಲು ಚಾಚಿ ಕುಳಿತಿದ್ದ. ಹಣೆಯ ನಡುವೆ ನಿಂಬೆಹಣ್ಣಿನ ಗಾತ್ರದ ಬುಗುಟೆ ಎದ್ದಿತ್ತು.

"ಕೈಯಾಗೆ ಮುಟ್ಟಿಲ್ಲ ಸಾಮಿ" ಎಂದ ಸೊಣ್ಣಪ್ಪ. "ಆಣೆ."

ರಾಮಚಂದ್ರಪ್ಪನವರು ಎದ್ದರು. ಬಂದರು. ಸೊಣ್ಣಪ್ಪ ಕಣ್ಣು ಮುಚ್ಚಿಕೊಂಡ. ಏಟು ಬೀಳಲಿಲ್ಲ. ಎರಡು ತೋಳು ಬಂದು ಅವನನ್ನು ತಬ್ಬಿದವು, ಹೆಗಲ ಮೇಲೆ ಏನೋ ಬಿಸಿಯಾಗಿ ತೊಟ್ಟಿಕ್ಕಿತು. ಇಡೀ ಆಂಡರ್ಸನ್‌ಪೇಟೆಯಲ್ಲಿ ರಾಮಚಂದ್ರಪ್ಪನವರು ಅತ್ತದ್ದನ್ನು ಅದಕ್ಕೆ ಮೊದಲು ಕಂಡವರಿರಲಿಲ್ಲ.

"ಇನ್ಮೇಲೆ ಈ ಗುಂಡೀನ ಯಾರು ಬೇಕಾದ್ರೂ ಒತ್ತಬಹುದು!" ಎಂದು ಅವರು ಸಾರಿದರು. "ಡೌಟು ಬಂದ್ರೆ ಒತ್ತಿ! ಸುಮ್ಮಸುಮ್ಮನೆ ನಿಂತ್ರೂ ಚಿಂತೆಯಿಲ್ಲ. ನಿಂತ ಮಿಷನ್ ಮತ್ತೆ ಓಡುತ್ತೆ, ನಿಂತ ಉಸಿರು ಓಡಲ್ಲ. ಸೊಣ್ಣಪ್ಪಾ, ನೀನು ಇವತ್ತು ಒಂದೂ ಕೆಲಸ ಮುಟ್ಟಕೂಡದು. ಉಳಿದ ಅಕ್ಕಿ ಕುಪ್ಪುಸ್ವಾಮಿ ಬೀಸ್ತಾನೆ."

"ನಾನ್ ಹೇಳ್ಲಿಲ್ವಾ! ನಾನ್ ಹೇಳ್ಲಿಲ್ವಾ!" ಎಂದು ಕುಪ್ಪುಸ್ವಾಮಿ ತನಗೇ ಪದಕ ಬಂದವನಂತೆ ಕುಣಿದಾಡಿದ.

ಮುಂದಿನದನ್ನು ಯಾರೂ ಏರ್ಪಾಡು ಮಾಡಲಿಲ್ಲ, ತಾನಾಗಿ ಆಯಿತು. ಯಂತ್ರದ ಪೂಜೆಗೆಂದು ತಂದಿದ್ದ ಸೇವಂತಿಗೆಯ ಹಾರ ಸೊಣ್ಣಪ್ಪನ ಕೊರಳಿಗೆ ಬಿತ್ತು. ಯಾರೋ ಬುಗುಟೆಯ ಮೇಲೆ ಕುಂಕುಮ ಇಟ್ಟರು. ಪಾಳಿ ಮುಗಿಸಿ ಬರುತ್ತಿದ್ದ ಗಣಿಯ ಆಳುಗಳು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಎಲ್ಲಿಂದಲೋ ತಮಟೆ ಬಂತು. ನಾಳೆಗೆಂದು ಕೊಂಡಿಟ್ಟಿದ್ದ ಪಟಾಕಿಗಳು ಇವತ್ತೇ ಹಾರಿದವು. ಕನ್ನಡದಲ್ಲಿ ಜೈಕಾರ, ತಮಿಳಿನಲ್ಲಿ ಸಿಳ್ಳೆ, ತೆಲುಗಿನಲ್ಲಿ ಆಶೀರ್ವಾದ. ಸೊಣ್ಣಪ್ಪ ಮೊದಲು ಬೀಳುತ್ತೇನೆಂದು ಹೆದರಿ ಯಾರದೋ ಜುಟ್ಟು ಹಿಡಿದುಕೊಂಡಿದ್ದ. ಎರಡನೆಯ ಬೀದಿಗೆ ಬರುವಷ್ಟರಲ್ಲಿ ಜುಟ್ಟು ಬಿಟ್ಟು ಎರಡೂ ಕೈ ಮೇಲೆತ್ತಿ ನಮಸ್ಕಾರ ಮಾಡುವುದನ್ನು ಕಲಿತುಬಿಟ್ಟ. ಮಾರ್ಕೆಟ್ಟಿನಲ್ಲಿ ಎಲೆಯಂಗಡಿಯವನು ವೀಳ್ಯ ಕೊಟ್ಟ, ಹೂವಿನವಳು ಇನ್ನೊಂದು ಹಾರ ಹಾಕಿದಳು, ಒಬ್ಬ ಮುದುಕ ಬುಗುಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಎಲ್ಲರೂ ಹೇಳಿದ್ದನ್ನು ಮಾಡುತ್ತಲೇ ಬಂದಿದ್ದ ಸೊಣ್ಣಪ್ಪ ಆ ಮಧ್ಯಾಹ್ನ ಮೊದಲ ಸಲ ತಾನೂ ಒಬ್ಬ ಮನುಷ್ಯ ಎಂದುಕೊಂಡ.

ಈ ಗದ್ದಲದಲ್ಲಿ ಅವನು ಹತ್ತಬೇಕಿದ್ದ ಬಸ್ಸು ಹೊರಟುಹೋಯಿತು. ಹೊರಡುವ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನು, "ಏನಮ್ಮಾ ಗಲಾಟೆ ಆ ಕಡೆ?" ಎಂದು ಕೇಳಿದ್ದಕ್ಕೆ ಕನಕಮ್ಮ ಓಡುತ್ತಲೇ ಉತ್ತರ ಕೊಟ್ಟಳು. ಆಕೆ ಅಂದು ಯಾರಿಗೆ ತಾನೇ ಉತ್ತರ ಕೊಡಲಿಲ್ಲ?

ಬಸ್ಸು ಹೋದದ್ದು ತಿಳಿದು ಸೊಣ್ಣಪ್ಪನ ಮುಖ ಸಣ್ಣದಾಯಿತು. ರಾಮಚಂದ್ರಪ್ಪನವರು ನಕ್ಕರು. "ಬಸ್ಸು ಹೋದ್ರೆ ಹೋಗ್ಲಿ ಬಿಡಯ್ಯ. ನೀನು ಬಸ್ಸಲ್ಲಿ ಹೋಗೋ ಆಸಾಮೀನಾ ಈಗ?" ಎಂದು ಉರಿಗಾಂ ಸ್ಟೇಷನ್ನಿನಿಂದ ಬಾಡಿಗೆ ಕಾರು ತರಿಸಿದರು. ಹೂವು, ಹೊಸ ಸೀರೆ, ಪಟಾಕಿಯ ಕಟ್ಟು ಎಲ್ಲವನ್ನೂ ಹಿಂದಿನ ಸೀಟಿಗೆ ತುಂಬಿಸಿದರು. ಕಾರಿನ ಮುಂದಿನ ಸೀಟಿನಲ್ಲಿ, ಎರಡು ಹಾರ ಹಾಕಿಕೊಂಡು, ಸೊಣ್ಣಪ್ಪ ದೊರೆಯ ಹಾಗೆ ಹೊರಟ.

ಬಂಗಾರಪೇಟೆ ದಾಟಿದ ಮೇಲೆ ಎದುರಿಗೆ ಬೂದಿಕೋಟೆಯ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಧೂಳಿನೊಳಗಿಂದ ಹೆಂಗಸರ ಗೋಳಾಟ ಕೇಳಿಸಿತು. "ಪಾಪ, ಹಬ್ಬದ ದಿನ ಯಾರ ಮನೇಲಿ ಏನಾಯ್ತೋ" ಎಂದು ಸೊಣ್ಣಪ್ಪ ಮರುಗಿದ. ಸಂತೋಷದಲ್ಲಿರುವವನಿಗೆ ಕನಿಕರ ಬೇಗ ಹುಟ್ಟುತ್ತದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಾರು ಬೂದಿಕೋಟೆಗೆ ಬಂತು. ಡ್ರೈವರಿಗೂ ಮನೆಯಿತ್ತು, ಹಬ್ಬವಿತ್ತು. ಸಾಮಾನೆಲ್ಲ ಮುನಿನಾರಾಯಣಪ್ಪನ ಜಗಲಿಯ ಮೇಲೆ ಇಳಿಸಿ ಅವನು ತಿರುಗಿ ನೋಡದೆ ಹೊರಟುಹೋದ. ಸೊಣ್ಣಪ್ಪ ಹಾರ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಬಾಗಿಲ ಕಡೆ ತಿರುಗಿದ.

ಬಾಗಿಲಿಗೆ ಬೀಗ.

ಪಕ್ಕದ ಮನೆಯ ಪೆದ್ದಮ್ಮ ಕೈಯಲ್ಲಿ ದೀಪ ಹಿಡಿದು ಹೊರಗೆ ಬಂದಳು. ಜಗಲಿಯ ಮೇಲೆ ಬಿಳಿ ಶರಟು, ಹಿಟ್ಟು ಮೆತ್ತಿದ ಬಿಳಿ ಮುಖ, ಹಣೆಯ ತುಂಬಾ ಕುಂಕುಮ, ಕೊರಳಲ್ಲಿ ಹಾರ. ದೀಪ ಕೈಯಿಂದ ಬಿತ್ತು.

"ಅಯ್ಯೋ ದೇವುಡಾ! ಸೊಣ್ಣಪ್ಪಾ, ನಾ ನಿಂಗೇನೂ ಕೆಟ್ಟದ್ ಮಾಡಿಲ್ಲ ಕಣಪ್ಪಾ! ಓಗ್ಬಿಡು!"

"ಎಲ್ಲಿಗೋಗ್ಲಿ ಪೆದ್ದಮ್ಮಾ? ಈಗ ತಾನೆ ಬಂದಿವ್ನಿ."

"ಪಾದ ತೋರ್ಸು! ಪಾದ ತೋರ್ಸು ಮೊದ್ಲು!"

ಸೊಣ್ಣಪ್ಪ ಒಂದು ಕಾಲೆತ್ತಿ ತೋರಿಸಿದ. ಆಮೇಲೆ ಇನ್ನೊಂದು. ಪೆದ್ದಮ್ಮ ಬಗ್ಗಿ ಚೆನ್ನಾಗಿ ನೋಡಿದಳು. ಪಾದಗಳು ಮುಂದಕ್ಕೇ ಇದ್ದವು. ಆಕೆ ಅಲ್ಲೇ ಕುಸಿದು ಕುಳಿತಳು.

"ಬದ್ಕಿದ್ದೀಯೇನಪ್ಪಾ? ಕಂಡಕ್ಟರು ಬಂದು ಏಳ್ದ, ಆಂಡರ್ಸನ್‌ಪೇಟೇಲಿ ನಿಮ್ಮಳಿಯ ಗುಂಡಿಗೆ ತಲೆ ಕೊಟ್ಟು ಯಜಮಾನ್ರ ಜೀವ ಉಳಿಸ್ದ ಅಂತ. ತಲೆ ಕೊಟ್ಟ ಅಂದ್ಮ್ಯಾಲೆ ಇನ್ನೇನೈತೆ? ಅಲ್ಲಿ ಗಣಿ ಗುಂಡಿ ಅಂದ್ರೆ ಪಾತಾಳ. ಬಿದ್ದೋನು ಸಿಗ್ತಾನಾ? ನಿಮ್ಮತ್ತೆ, ನಿಮ್ಮಾವ, ಅಂಜಮ್ಮ ಎಲ್ಲಾ ಬಾಯ್ಬಾಯ್ ಬಡ್ಕೊಂಡು ಬಸ್ಸತ್ತಿ ಓದ್ರು, ನಿನ್ನ ತರೋಕೆ!"

ಸೊಣ್ಣಪ್ಪನಿಗೆ ಧೂಳಿನೊಳಗಿನ ಗೋಳಾಟ ಇನ್ನೊಮ್ಮೆ ಕಿವಿಯಲ್ಲಿ ಕೇಳಿಸಿತು. ಮೆಲ್ಲಗೆ ಜಗಲಿಯ ಮೇಲೆ ಕುಳಿತ. ಬಸ್ಸಿಲ್ಲ. ಕಾರಿಲ್ಲ. ನಾಳೆ ಹಬ್ಬ, ನಾಳೆಯೂ ಬಸ್ಸಿಲ್ಲ. ಬೆಳಗ್ಗೆಯಿಂದ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

"ಕಜ್ಜಾಯ ಮಾಡಿದ್ರು ಅಂದ್ರಲ್ಲ ಪೆದ್ದಮ್ಮಾ..."

"ಮಾಡಿದ್ರಪ್ಪಾ, ಒಂದು ಕೊಪ್ಪರಿಗೆ ಮಾಡಿದ್ರು. ಸಾವಿನ ಮನ್ಯಾಗೆ ಇಟ್ಕೋಬಾರ್ದು, ಊರಿಗೆ ಅಂಚಿಬಿಡು ಅಂತ ನಿಮ್ಮಾವ ಏಳ್ಬಿಟ್ಟೋದ. ಎಲ್ಲಾರ ಮನೆಗೂ ಕೊಟ್ಬಿಟ್ಟೆ. ನಾನೂ ಎರಡು ತಿಂದೆ." ಅವನಿಗೆ ಸಮಾಧಾನವಾಗಲೆಂದು ಪೆದ್ದಮ್ಮ ಸೇರಿಸಿದಳು: "ಭಾಳ ಚೆನ್ನಾಗಿದ್ವು."

ಹಬ್ಬದ ಬೆಳಗ್ಗೆ ಹಿತ್ತಲ ಹಂಡೆಯಲ್ಲಿ ಅಳಿಯನಿಗೆಂದು ತುಂಬಿಟ್ಟಿದ್ದ ನೀರನ್ನು ಪೆದ್ದಮ್ಮನೇ ಕಾಯಿಸಿ, ಎಣ್ಣೆ ಒತ್ತಿದಳು. ಬುಗುಟೆಯ ಮೇಲೆ ಕೈ ಬಿದ್ದಾಗ ಸೊಣ್ಣಪ್ಪ ಕೂಗಿದ ಕೂಗಿಗೆ ಬೀದಿಯವರು ಪಟಾಕಿ ನಿಲ್ಲಿಸಿ ನೋಡಿದರು. ಯಜಮಾನರು ಕೊಟ್ಟ ಪಟಾಕಿಯನ್ನು ಊರಿನ ಮಕ್ಕಳು ಹಾರಿಸಿದರು. ಇವರು ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಸೊಣ್ಣಪ್ಪ ಜಗಲಿಯ ಮೇಲೆ ಕಾದ.

ಹಬ್ಬ ಕಳೆದ ಮೇಲೆ ಬೆಳಗಿನ ಬಸ್ಸು ಬಂತು. ಮೊದಲು ಇಳಿದವನು ಮಾವ ಮುನಿನಾರಾಯಣಪ್ಪ. ತಲೆ ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಹೆಗಲ ಮೇಲೆ ಜರಿಯಂಚಿನ ಹೊಸ ಶಲ್ಯ. ಹಿಂದೆ ಅತ್ತೆ, ಹೊಸ ಸೀರೆಯಲ್ಲಿ. ಅವಳ ಹಿಂದೆ ಅಂಜಮ್ಮ, ಗಂಡನನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು.

"ಏನಪ್ಪಾ ಅಳಿಯಂದ್ರೇ!" ಎಂದ ಮುನಿನಾರಾಯಣಪ್ಪ. "ನೀನು ಬತ್ತೀಯ ಬತ್ತೀಯ ಅಂತ ಅಲ್ಲೇ ಕಾಯ್ತಾ ಕುಂತ್ಬಿಟ್ವಿ. ನಿಮ್ ಯಜಮಾನ್ರು ಬಿಡ್ಲೇ ಇಲ್ಲ. ನಮ್ ಪ್ರಾಣ ಉಳ್ಸಿದೋನ ಮಾವ ಅಂತ ನಂಗೆ ಕೈಯಾರೆ ಎಣ್ಣೆ ಒತ್ತಿದ್ರು. ಕಜ್ಜಾಯ ಏನು, ಒಬ್ಬಟ್ಟು ಏನು! ಬೀದೀಲಿ ಓದ್ರೆ ಎಲ್ಲಾರೂ ಕೈ ಮುಗಿಯೋರೆ. ಮುಂದಿನ ವರ್ಸಾನೂ ನಮ್ಮನೇಗೇ ಬಂದ್ಬಿಡಿ ಅಂದವ್ರೆ."

"ನನ್ ವಿಚಾರ ಏನಂದ್ರು ಮಾವಾ?"

"ಅದ್ನೇ ಏಳೋದು ಮರ್ತಿದ್ದೆ ನೋಡು. ಮಿಷನ್ ಬಾಗ್ಲು ಇವತ್ತೇ ತೆಗೀಬೇಕಂತೆ. ಭಾಳ ಜನ ಕಾಯ್ತಾವ್ರಂತೆ. ನೀನಿಲ್ದೆ ಆ ಗುಂಡಿ ಹತ್ರ ಇನ್ನೊಬ್ಬನ್ನ ನಿಲ್ಸಾಕಿಲ್ಲ ಅಂತ ಆಣೆ ಮಾಡವ್ರೆ. ಇದೇ ಬಸ್ಸು ವಾಪಸ್ಸು ಓಯ್ತದೆ, ಅತ್ತು ಅತ್ತು!"

ಕಂಡಕ್ಟರನು ಸೀಟಿ ಊದಿದ. ಹೇಳಿದ್ದನ್ನು ಮಾಡಿ ಅಭ್ಯಾಸವಾದ ಕಾಲುಗಳು ಸೊಣ್ಣಪ್ಪನನ್ನು ಕೇಳದೆಯೇ ಬಸ್ಸು ಹತ್ತಿಬಿಟ್ಟವು. ತಲೆ ಕೊಟ್ಟವನು ಬಂದನೆಂದು ಹಿಂದಿನ ಸೀಟಿನವನೊಬ್ಬ ಎದ್ದು ಜಾಗ ಬಿಟ್ಟುಕೊಟ್ಟ. ಸೊಣ್ಣಪ್ಪ ಗತ್ತಿನಿಂದಲೇ ಕುಳಿತು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದ. ಧೂಳಿನಲ್ಲಿ ಅಂಜಮ್ಮ ಸೆರಗು ಎತ್ತಿ ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿ ಬರುತ್ತಿದ್ದಳು.

"ತಲೆ ಒಳಕ್ಕಾಕ್ಕೊಳ್ಳಿ!" ಎಂದು ಕೂಗಿದಳು.